ಸೋತವರ ಕುರ್ಚಿಯಲ್ಲಿ ಕೂತು ನೋಡಿ: ಹದಿನೇಳು ನಡೆಗಳ ಒಪೆರಾ ಆಟ

ಬಿಳಿಯ ಕಡೆ ಉಳಿದಿರುವುದು ಒಂದು ಆನೆ, ಒಂದು ಒಂಟೆ, ರಾಜ ಮತ್ತು ಏಳು ಕಾಲಾಳು. ಕಪ್ಪಿನ ಕಡೆ ರಾಣಿ ಇದ್ದಾಳೆ, ಆನೆ, ಒಂಟೆ, ಕುದುರೆ ಇವೆ, ಐದು ಕಾಲಾಳುಗಳೂ ಇವೆ. ರಾಣಿಗೆ 9, ಆನೆಗೆ 5, ಒಂಟೆಗೂ ಕುದುರೆಗೂ ಮೂರು ಮೂರು, ಕಾಲಾಳಿಗೆ ಒಂದು ಎಂಬ ರೂಢಿಯ ಬೆಲೆ ಹಿಡಿದು ಕೂಡಿದರೆ ಬಿಳಿಗೆ 15, ಕಪ್ಪಿಗೆ 25. ಆದರೂ ಮೇಟ್ ಆಗಿರುವುದು ಕಪ್ಪು ರಾಜನಿಗೆ.

1858ರಲ್ಲಿ ಪ್ಯಾರಿಸ್‌ನ ಒಪೆರಾ ರಂಗಮಂದಿರದ ಬಾಕ್ಸೊಂದರಲ್ಲಿ ಪಾಲ್ ಮಾರ್ಫಿ ಆಡಿದ ಆಟದ ಕೊನೆಯ ಚಿತ್ರ ಇದು. ಹೈಸ್ಕೂಲಿನಲ್ಲಿದ್ದಾಗ ಸೋದರಮಾವ ಈ ಆಟವನ್ನು ನನಗೆ ಒಂದೇ ಉಸಿರಿನಲ್ಲಿ ಆಡಿ ತೋರಿಸಿದ್ದರು. ರಾಣಿಯನ್ನೇ ಕೊಟ್ಟು ಗೆಲ್ಲುವ 16ನೇ ನಡೆ ಬಂದಾಗ ಮೈ ಜುಮ್ಮೆಂದಿತ್ತು. ಅಂದೇ ಬಾಯಿಪಾಠ ಮಾಡಿಕೊಂಡೆ. ಮುಂದೆ ವರ್ಷಗಟ್ಟಲೆ, ಚೆಸ್ ಕಲಿಯಲು ಬಂದ ಮಕ್ಕಳಿಗೆಲ್ಲ ಅದನ್ನೇ ತೋರಿಸಿದೆ. ಒಮ್ಮೆ ಹತ್ತು ವರ್ಷದ ಹುಡುಗಿಯೊಬ್ಬಳು ನಡುವೆಯೇ ತಡೆದು ಕೇಳಿದಳು: “ಅಂಕಲ್, 12ನೇ ನಡೆಯಲ್ಲಿ ಕಪ್ಪಿನವರೂ ಕ್ಯಾಸ್ಲಿಂಗ್ ಮಾಡ್ಕೋಬಹುದಿತ್ತಲ್ಲ? ಯಾಕೆ ಮಾಡ್ಲಿಲ್ಲ?”

ಉತ್ತರ ನನ್ನಲ್ಲಿರಲಿಲ್ಲ. ಆಟ ಕಂಠಸ್ಥವಾಗಿತ್ತು, ಅರ್ಥವಾಗಿರಲಿಲ್ಲ. ಆ ರಾತ್ರಿ ಬೋರ್ಡನ್ನು ತಿರುಗಿಸಿ ಕಪ್ಪು ಕಾಯಿಗಳನ್ನು ನನ್ನ ಕಡೆಗೆ ಇಟ್ಟುಕೊಂಡು ಕೂತೆ. ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತು, ಜೊತೆಗೆ ಹಳೆಯ ಆಟವೊಂದನ್ನು ಓದುವ ದಾರಿಯೂ ಸಿಕ್ಕಿತು. ಅದ್ಭುತ ದಾಳಿಯ ಆಟವನ್ನು ವಿಶ್ಲೇಷಿಸಬೇಕಾದರೆ ಗೆದ್ದವನ ಹೆಗಲ ಮೇಲಿಂದ ಇಣುಕಿದರೆ ಸಾಲದು, ಸೋತವನ ಕುರ್ಚಿಯಲ್ಲಿ ಕೂರಬೇಕು. ಅವನ ಮುಂದೆ ಯಾವ ಯಾವ ಬಾಗಿಲುಗಳಿದ್ದವು, ಯಾವುದು ಯಾವಾಗ ಮುಚ್ಚಿತು ಎಂದು ಒಂದೊಂದಾಗಿ ತಟ್ಟಿ ನೋಡಬೇಕು. ಒಂದು ಮರದ ಬೋರ್ಡು, ನೋಟ್‌ಬುಕ್ಕು, ಎರಡು ಮೂರು ಸಂಜೆಗಳ ಬಿಡುವು ಇದ್ದರೆ ಸಾಕು.

ಮೊದಲು ಆಟಗಾರರ ವಿಷಯ. ಮಾರ್ಫಿ ಅಮೆರಿಕದ ನ್ಯೂ ಓರ್ಲಿಯನ್ಸ್‌ನವನು, 1837ರಲ್ಲಿ ಹುಟ್ಟಿದವನು. 1857ರಲ್ಲಿ ನ್ಯೂಯಾರ್ಕ್‌ನ ಮೊದಲ ಅಮೆರಿಕನ್ ಚೆಸ್ ಕಾಂಗ್ರೆಸ್ ಗೆದ್ದು, ಮರುವರ್ಷ ಯೂರೋಪಿನ ಘಟಾನುಘಟಿಗಳನ್ನು ಎದುರಿಸಲು ಹಡಗು ಹತ್ತಿದ. ಈ ಆಟ ಆಡಿದಾಗ ವಯಸ್ಸು 21. ಎದುರಾಳಿ ಒಬ್ಬರಲ್ಲ, ಇಬ್ಬರು: ಬ್ರನ್ಸ್‌ವಿಕ್‌ನ ಡ್ಯೂಕ್ ಎರಡನೆಯ ಕಾರ್ಲ್ ಮತ್ತು ಕೌಂಟ್ ಇಸೌವಾರ್ಡ್. ಡ್ಯೂಕ್ 1830ರಲ್ಲೇ ತನ್ನ ನಾಡಿನಿಂದ ಪದಚ್ಯುತನಾಗಿ ಹೊರಬಿದ್ದವನು. ಇಬ್ಬರೂ ಪರಸ್ಪರ ಸಮಾಲೋಚಿಸಿ ಕಪ್ಪು ಕಾಯಿಗಳನ್ನು ನಡೆಸಿದರು. ಇಬ್ಬರೂ ಹವ್ಯಾಸಿಗಳು, ಮಾರ್ಫಿಯ ಮಟ್ಟಕ್ಕೆ ಹತ್ತಿರವೂ ಇರಲಿಲ್ಲ. ಈ ಮಾತನ್ನು ಮುಚ್ಚಿಡುವ ಅಗತ್ಯವಿಲ್ಲ. ಕಲಿಯುವವರಿಗೆ ಇದು ಅನುಕೂಲವೇ. ಅವರು ಮಾಡಿದ ತಪ್ಪುಗಳು ನಾವು ನಮ್ಮ ಆಟಗಳಲ್ಲಿ ದಿನವೂ ಮಾಡುವಂಥವು.

ಇನ್ನು ನಡೆಗಳು. ಕಾಯಿಗಳಿಗೆ ನಮ್ಮ ಮನೆಗಳ ಹೆಸರನ್ನೇ ಬಳಸಿದ್ದೇನೆ: ಮೂಲೆಯಲ್ಲಿ ನಿಂತು ನೇರ ಓಡುವುದು ಆನೆ, ಓರೆಯಾಗಿ ಓಡುವುದು ಒಂಟೆ. ರಾಣಿಯನ್ನು ಮಂತ್ರಿ ಎನ್ನುವ ಮನೆಗಳವರು ಹಾಗೇ ಓದಿಕೊಳ್ಳಬಹುದು. ಬಿಳಿಯ ಎಡಗಡೆಯಿಂದ ಸಾಲುಗಳು ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಬಿಳಿಯ ಕಡೆಯಿಂದ ಮೇಲಕ್ಕೆ 1ರಿಂದ 8. × ಗುರುತು ಇದ್ದರೆ ಕಾಯಿ ಹೊಡೆದದ್ದು. ಪ್ರತಿ ಜೋಡಿಯಲ್ಲಿ ಮೊದಲಿನದು ಬಿಳಿಯ ನಡೆ.

1. ಇ4 – ಇ5
2. ಕುದುರೆ ಎಫ್3 – ಡಿ6
3. ಡಿ4 – ಒಂಟೆ ಜಿ4
4. ಡಿ×ಇ5 – ಒಂಟೆ×ಎಫ್3
5. ರಾಣಿ×ಎಫ್3 – ಡಿ×ಇ5
6. ಒಂಟೆ ಸಿ4 – ಕುದುರೆ ಎಫ್6
7. ರಾಣಿ ಬಿ3 – ರಾಣಿ ಇ7
8. ಕುದುರೆ ಸಿ3 – ಸಿ6
9. ಒಂಟೆ ಜಿ5 – ಬಿ5
10. ಕುದುರೆ×ಬಿ5 – ಸಿ×ಬಿ5
11. ಒಂಟೆ×ಬಿ5 ಚೆಕ್ – ಬಿ8ರ ಕುದುರೆ ಡಿ7ಕ್ಕೆ
12. ರಾಣಿ ಬದಿಗೆ ಕ್ಯಾಸ್ಲಿಂಗ್ – ಆನೆ ಡಿ8
13. ಆನೆ×ಡಿ7 – ಆನೆ×ಡಿ7
14. ಆನೆ ಡಿ1 – ರಾಣಿ ಇ6
15. ಒಂಟೆ×ಡಿ7 ಚೆಕ್ – ಕುದುರೆ×ಡಿ7
16. ರಾಣಿ ಬಿ8 ಚೆಕ್ – ಕುದುರೆ×ಬಿ8
17. ಆನೆ ಡಿ8 ಮೇಟ್

ಮೊದಲ ಸಂಜೆ ಇಡೀ ಆಟವನ್ನು ಎರಡು ಮೂರು ಸಲ ಸುಮ್ಮನೆ ಆಡಿ ಸವಿಯಿರಿ. ಸವಿಯದೆ ಕತ್ತರಿ ಹಾಕಲು ಹೊರಟರೆ ಕೆಲಸ ಒಣಗುತ್ತದೆ. ಆಮೇಲೆ ಒಂದು ಕಾಗದದಿಂದ ನಡೆಗಳನ್ನು ಮುಚ್ಚಿ, ಒಂದೊಂದೇ ಸಾಲು ಕೆಳಗೆ ಸರಿಸುತ್ತ ಹೋಗಿ. ಪ್ರತಿ ನಡೆಯಲ್ಲೂ ನೋಟ್‌ಬುಕ್ಕಿನಲ್ಲಿ ಎರಡು ಸಾಲು: ಎದುರಾಳಿ ಈಗ ಏನು ಬೆದರಿಕೆ ಒಡ್ಡಿದ್ದಾನೆ, ನಾನಾಗಿದ್ದರೆ ಏನು ಆಡುತ್ತಿದ್ದೆ. ಆಟ ಗೊತ್ತಿದ್ದರೂ ಬರೆಯಿರಿ. ಬರೆಯುವಾಗ ಗೊತ್ತಿದೆ ಎಂದುಕೊಂಡದ್ದರಲ್ಲಿ ಅರ್ಧ ಗೊತ್ತಿಲ್ಲ ಎಂಬುದು ತಾನಾಗಿ ಬಯಲಾಗುತ್ತದೆ.

ಈಗ ಬೋರ್ಡು ತಿರುಗಿಸಿ, ಡ್ಯೂಕ್‌ನ ಜಾಗದಲ್ಲಿ ಕೂರೋಣ.

ಕಪ್ಪು ಆಡಿದ 2ನೇ ನಡೆ ಡಿ6ಕ್ಕೆ ಫಿಲಿಡೋರ್ ರಕ್ಷಣೆ ಎಂದು ಹೆಸರು. ಫ್ರಾನ್ಸಿನ ಫ್ರಾಂಸ್ವಾ-ಆಂದ್ರೆ ಫಿಲಿಡೋರ್ 18ನೇ ಶತಮಾನದ ಚೆಸ್ ದೊರೆ, ಜೊತೆಗೆ ಹೆಸರಾಂತ ಒಪೆರಾ ಸಂಯೋಜಕ. ಒಪೆರಾ ನಡೆಯುವಲ್ಲಿ ಒಪೆರಾಕಾರನ ಹೆಸರಿನ ರಕ್ಷಣೆಯೇ ಆಡಲ್ಪಟ್ಟದ್ದು ಕಾಕತಾಳೀಯ; ನನಗೆ ಮಾತ್ರ ಅದನ್ನು ನೆನೆದಾಗಲೆಲ್ಲ ಖುಷಿಯಾಗುತ್ತದೆ. ಈ ರಕ್ಷಣೆಯಲ್ಲಿ ದೋಷವೇನೂ ಇಲ್ಲ. ತೊಂದರೆ ಶುರುವಾಗುವುದು 3ನೇ ನಡೆ ಒಂಟೆ ಜಿ4ನಿಂದ. ಬಿಳಿ 4ರಲ್ಲಿ ಇ5ರ ಕಾಲಾಳನ್ನು ಹೊಡೆದಾಗ ಕಪ್ಪು ಸೀದಾ ಡಿ×ಇ5 ಎಂದು ತಿರುಗಿ ಹೊಡೆಯಲಾಗದು. ಹೊಡೆದರೆ ರಾಣಿಗಳು ಡಿ8ರಲ್ಲಿ ಬದಲಾಗುತ್ತವೆ, ಬಿಳಿ ಕುದುರೆ ಇ5ರ ಕಾಲಾಳನ್ನು ತಿಂದು ಜಿ4ರ ಒಂಟೆಯ ಮೇಲೂ ಎಫ್7ರ ಮೇಲೂ ಒಟ್ಟಿಗೆ ಕಣ್ಣಿಡುತ್ತದೆ. ಹಾಗಾಗಿ ಮೊದಲು ಎಫ್3ರ ಕುದುರೆಯನ್ನು ಹೊಡೆಯಲೇಬೇಕಾಯಿತು. ಪರಿಣಾಮ ನೋಡಿ: ಕಪ್ಪು ಒಂಟೆ ಎರಡು ನಡೆ ನಡೆದು ಬೋರ್ಡಿನಿಂದಲೇ ಹೋಯಿತು, ಬಿಳಿ ರಾಣಿ ಪುಕ್ಕಟೆಯಾಗಿ ಹೊರಬಂದಳು. ಬದಲಿಗೆ 3ರಲ್ಲಿ ಇ×ಡಿ4 ಅಥವಾ ಕುದುರೆ ಎಫ್6 ಆಡಬಹುದಿತ್ತು. ನೋಟ್‌ಬುಕ್ಕಿನಲ್ಲಿ ಬರೆದಿಡಿ: ಮೊದಲ ತಪ್ಪು, 3ನೇ ನಡೆ. ಬಲಿಗಳ ಮಳೆಗೆ ಇನ್ನೂ ಏಳು ನಡೆ ದೂರ.

6ರಲ್ಲಿ ಒಂಟೆ ಸಿ4ಕ್ಕೆ ಬಂದಾಗ ಬೆದರಿಕೆ ಚಿಕ್ಕದಲ್ಲ, ಎಫ್7ರಲ್ಲಿ ಮೇಟ್. ಕಪ್ಪು ಕುದುರೆಯನ್ನು ಎಫ್6ಕ್ಕೆ ತಂದು ರಾಣಿಯ ದಾರಿಗೆ ಅಡ್ಡ ನಿಲ್ಲಿಸಿತು. ಹೊಸದಾಗಿ ಕಲಿತವರಿಗೆ ಇದು ತೀರ ಸಹಜ ನಡೆ, ಕಾಯಿಯೂ ಹೊರಬಂತು, ಮೇಟೂ ತಪ್ಪಿತು. ಆದರೆ ಎಫ್7ನ್ನು ರಾಜನ ಹೊರತು ಯಾರೂ ಕಾಯುತ್ತಿಲ್ಲ. ಮಾರ್ಫಿ ರಾಣಿಯನ್ನು ಬಿ3ಕ್ಕೆ ಸರಿಸಿದ ಕೂಡಲೇ ಒಂದೇ ನಡೆಯಲ್ಲಿ ಎರಡು ಗುರಿ: ಎಫ್7 ಮತ್ತು ಬಿ7. ಜಿ4ಕ್ಕೆ ಹೋಗಿ ಕಳೆದುಹೋದ ಒಂಟೆ ಸಿ8ರಲ್ಲೇ ಕೂತಿದ್ದರೆ ಬಿ7 ಇಷ್ಟು ಅನಾಥವಾಗುತ್ತಿರಲಿಲ್ಲ. 6ರಲ್ಲಿ ರಾಣಿ ಎಫ್6 ಆಡಿದ್ದರೆ ಎಫ್7ಕ್ಕೆ ಕಾವಲು ಸಿಗುತ್ತಿತ್ತು, ಬಿಳಿ ರಾಣಿ ಬಿ3ಕ್ಕೆ ಬಂದರೆ ಬಿ6 ಎಂದು ಕಾಲಾಳನ್ನು ಒಂದು ಹೆಜ್ಜೆ ತಳ್ಳಿ ಉಸಿರಾಡಬಹುದಿತ್ತು.

7ರಲ್ಲಿ ಕಪ್ಪಿನ ಉತ್ತರ ರಾಣಿ ಇ7. ಇಲ್ಲಿ ಅರ್ಧ ಗಂಟೆಯಾದರೂ ನಿಲ್ಲಿ; ಇಡೀ ಆಟದ ಬೇರು ಇರುವುದು ಇಲ್ಲೇ. ಮೊದಲ ಪ್ರಶ್ನೆ: ರಾಣಿ ಡಿ7ಕ್ಕೆ ಹೋಗಬಹುದಿತ್ತಲ್ಲ, ಅಲ್ಲಿಂದಲೂ ಎಫ್7 ಕಾಯಬಹುದು, ಎಫ್8ರ ಒಂಟೆಗೆ ದಾರಿಯೂ ಇರುತ್ತಿತ್ತು? ಆಡಿ ನೋಡಿ. ಬಿಳಿ ರಾಣಿ ಬಿ7 ಹೊಡೆಯುತ್ತಾಳೆ. ಮೂಲೆಯ ಆನೆಯನ್ನು ಉಳಿಸಲು ಕಪ್ಪು ರಾಣಿ ಸಿ6ಕ್ಕೆ ಬಂದು ಎದುರು ನಿಂತರೆ ಬಿಳಿ ಒಂಟೆ ಬಿ5ಕ್ಕೆ! ಕಪ್ಪು ರಾಣಿಯ ಬೆನ್ನಿಗೇ ರಾಜನಿರುವುದರಿಂದ ಆ ಓರೆಯಿಂದ ಆಕೆ ಕದಲುವಂತಿಲ್ಲ. ಒಂಟೆಯನ್ನೇ ಹೊಡೆದರೆ ಬಿ7ರ ರಾಣಿ ಬಿ5ಕ್ಕೆ ಇಳಿದು ಅವಳನ್ನು ಹೊಡೆಯುತ್ತಾಳೆ. ಅಂದರೆ ಇ7 ನಡೆ ದಡ್ಡತನವಲ್ಲ. ಆ ಹೊತ್ತಿಗೆ ಉಳಿದಿದ್ದ ಆಯ್ಕೆಗಳಲ್ಲಿ ಒಳ್ಳೆಯದೇ. ಇ7ರಲ್ಲಿ ನಿಂತರೆ ಬಿಳಿ ಬಿ7 ಹೊಡೆದಾಗ ರಾಣಿ ಬಿ4 ಚೆಕ್ ಎಂದು ರಾಣಿಗಳನ್ನು ಬದಲಾಯಿಸಿಕೊಳ್ಳಬಹುದು. ಒಂದು ಕಾಲಾಳು ಹೋದರೂ ಜೀವ ಉಳಿಯುತ್ತದೆ.

ಎರಡನೆಯ ಪ್ರಶ್ನೆ ಮಾರ್ಫಿಗೆ: ಆ ಕಾಲಾಳನ್ನು ಯಾಕೆ ತೆಗೆದುಕೊಳ್ಳಲಿಲ್ಲ? 8. ರಾಣಿ×ಬಿ7, ರಾಣಿ ಬಿ4 ಚೆಕ್, 9. ರಾಣಿ×ಬಿ4, ಒಂಟೆ×ಬಿ4 ಚೆಕ್. ಬಿಳಿಗೆ ಒಂದು ಕಾಲಾಳು ಹೆಚ್ಚು, ರಾಣಿಯಿಲ್ಲದ ದೀರ್ಘ ಆಟ. ಇನ್ನೊಂದು ದಾರಿ 8. ಒಂಟೆ×ಎಫ್7 ಚೆಕ್, ರಾಣಿ ಅದನ್ನು ಹೊಡೆದರೆ ಬಿ7 ಹೊಡೆದು ಮೂಲೆಯ ಆನೆಯ ಬೆನ್ನು ಹತ್ತಬಹುದು. ಎರಡೂ ಒಳ್ಳೆಯ ಚೆಸ್ಸೇ. ಹಳೆಯ ಪುಸ್ತಕಗಳು ಮಾರ್ಫಿ ಇವನ್ನು ಬಿಟ್ಟದ್ದೇ ಮಹತ್ತು ಎಂಬಂತೆ ಬರೆಯುವುದುಂಟು, ನಾನು ಒಪ್ಪುವುದಿಲ್ಲ. ನಮ್ಮ ನಿಮ್ಮಂಥವರು ಬಿ7 ಹೊಡೆದು ಗೆದ್ದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಅವನು ಆಡಿದ 8. ಕುದುರೆ ಸಿ3 ಎಷ್ಟು ಸುಂದರವಾಗಿದೆ ಎಂಬುದನ್ನು ನೋಡಲೇಬೇಕು. ಆ ಕುದುರೆ ಬಿ4 ಮತ್ತು ಇ1ರ ನಡುವಿನ ಓರೆಯ ಮೇಲೆ ಬಂದು ಕೂತಿತು. ಇನ್ನು ರಾಣಿ ಬಿ4ಕ್ಕೆ ಬಂದರೂ ಅದು ಚೆಕ್ ಅಲ್ಲ. ಹಾಗಾಗಿ ಬಿ7ರ ಬೆದರಿಕೆ ಮತ್ತೆ ಜೀವ ಪಡೆಯಿತು, ಈ ಸಲ ನಿಜವಾಗಿ. ಒಂದು ಕಾಯಿ ಹೊರತರುತ್ತಲೇ ಹಳೆಯ ಬೆದರಿಕೆಗೆ ಹೊಸ ಹಲ್ಲು ಮೂಡಿಸಿದ್ದ.

ಕಪ್ಪು 8ರಲ್ಲಿ ಸಿ6 ಆಡಿದ್ದು ಇದಕ್ಕಾಗಿಯೇ. ಸಿ7 ಖಾಲಿಯಾಯಿತು, ಇ7ರ ರಾಣಿ ಅಡ್ಡಸಾಲಿನಲ್ಲಿ ಬಿ7ರವರೆಗೂ ಕಣ್ಣು ಹಾಯಿಸಬಹುದು. ಸರಿಯಾದ ಯೋಚನೆ. ಆದರೆ ಈಗ ಎರಡೂ ಕಡೆ ಮೊದಲ ಮನೆ ಬಿಟ್ಟು ಕೆಲಸಕ್ಕೆ ಇಳಿದ ಕಾಯಿಗಳನ್ನು ಬೆರಳಲ್ಲಿ ಎಣಿಸಿ. 9ರಲ್ಲಿ ಒಂಟೆ ಜಿ5ಕ್ಕೆ ಬಂದ ಮೇಲೆ ಬಿಳಿಗೆ ರಾಣಿ, ಎರಡು ಒಂಟೆ, ಒಂದು ಕುದುರೆ, ಒಟ್ಟು ನಾಲ್ಕು. ಕಪ್ಪಿಗೆ ಒಂದು ಕುದುರೆ ಮತ್ತು ರಾಣಿ. ಆ ರಾಣಿಯೂ ತನ್ನದೇ ಒಂಟೆಯ ಬಾಗಿಲಿಗೆ ಅಡ್ಡ ನಿಂತಿದ್ದಾಳೆ, ಕುದುರೆ ಜಿ5ರ ಒಂಟೆಗೆ ಸಿಕ್ಕಿ ರಾಣಿಗೆ ಕಟ್ಟಿಬಿದ್ದಿದೆ. ಯಾವ ದಾಳಿಯ ಆಟ ಹಿಡಿದು ಕೂತರೂ ಮೊದಲ ಬಲಿ ಬೀಳುವ ಮುಂಚಿನ ನಡೆಯಲ್ಲಿ ನಿಂತು ಈ ಎಣಿಕೆ ಮಾಡಿ. ಬಲಿ ನಿಜವಾದದ್ದೋ ಬರಿ ಅಬ್ಬರವೋ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

9ರಲ್ಲಿ ಕಪ್ಪು ಆಡಿದ ಬಿ5 ನನ್ನ ಲೆಕ್ಕದಲ್ಲಿ ಆಟ ಕಳೆದ ನಡೆ. ಆ ಕುರ್ಚಿಯಲ್ಲಿ ಕೂತಾಗ ಅದರ ಸೆಳೆತ ಅರ್ಥವಾಗುತ್ತದೆ: ಮೂರು ನಡೆಗಳಿಂದ ಬರಿ ಏಟು ತಿಂದು ಸಾಕಾಗಿದೆ, ಒಮ್ಮೆಯಾದರೂ ತಿರುಗಿ ಒದೆಯೋಣ, ಒಂಟೆಯನ್ನು ಹಿಂದಕ್ಕೆ ಓಡಿಸೋಣ ಎನಿಸುತ್ತದೆ. ಒಂಟೆ ಓಡಿಹೋಗಿದ್ದರೆ ಕಪ್ಪಿಗೆ ನಿಜವಾಗಿ ಒಂದು ಉಸಿರು ಸಿಗುತ್ತಿತ್ತು. ಆದರೆ ಕಾಯಿಗಳು ಇನ್ನೂ ಎಚ್ಚರಗೊಳ್ಳದ ಹೊತ್ತಿನಲ್ಲಿ ರಾಜನ ಮುಂದಿನ ಗೋಡೆಯ ಕಲ್ಲನ್ನೇ ಕಿತ್ತು ಎಸೆದಂತಾಯಿತು. ರಾಣಿಯನ್ನು ಸಿ7ಕ್ಕೆ ಸರಿಸಿದ್ದರೆ ಎಫ್8ರ ಒಂಟೆಗೆ ಬಾಗಿಲು ತೆರೆಯುತ್ತಿತ್ತು, ಎಫ್6ರ ಕುದುರೆಯ ಕಟ್ಟೂ ಸಡಿಲವಾಗುತ್ತಿತ್ತು. ಬಿಳಿ ಆಗಲೂ ಮೇಲುಗೈ, ಆದರೆ ಆಟ 17 ನಡೆಗೆ ಮುಗಿಯುತ್ತಿರಲಿಲ್ಲ.

ಮಾರ್ಫಿ ಒಂಟೆಯನ್ನು ಹಿಂದೆ ಸರಿಸಲಿಲ್ಲ. ಕುದುರೆ×ಬಿ5, ಸಿ×ಬಿ5, ಒಂಟೆ×ಬಿ5 ಚೆಕ್. ಒಂದು ಕುದುರೆ ಕೊಟ್ಟು ಎರಡು ಕಾಲಾಳು ಪಡೆದ. ಈ ಬಲಿಯನ್ನು ಸ್ವೀಕರಿಸದೆ 10ರಲ್ಲಿ ರಾಣಿ ಬಿ4 ಚೆಕ್ ಎಂದಿದ್ದರೆ? 11. ರಾಣಿ×ಬಿ4, ಒಂಟೆ×ಬಿ4 ಚೆಕ್, 12. ಸಿ3. ಈಗ ಬಿ5ರ ಕುದುರೆಯೂ ಬಿ4ರ ಒಂಟೆಯೂ ಏಟಿನಡಿ ಇವೆ. ಕಪ್ಪು ಸಿ×ಬಿ5 ಎಂದರೆ ಬಿಳಿ ಆತುರಪಟ್ಟು ಒಂಟೆಯನ್ನು ಹೊಡೆಯಬಾರದು, ಹೊಡೆದರೆ ಸಿ4ರ ತನ್ನ ಒಂಟೆಯೂ ಹೋಗುತ್ತದೆ. ಮೊದಲು 13. ಒಂಟೆ×ಬಿ5 ಚೆಕ್, ಆಮೇಲೆ ಸಿ×ಬಿ4. ಲೆಕ್ಕ ಮುಗಿದಾಗ ಬಿಳಿಗೆ ಎರಡು ಕಾಲಾಳು ಹೆಚ್ಚು. ಸೋಲಿನ ಹಾದಿಯೇ, ಆದರೆ ಕಪ್ಪಿಗೆ ಹೋರಾಡಲು ಜಾಗವಿರುತ್ತಿತ್ತು. ಒಂದೇ ನಡೆಯ ಕ್ರಮ ತಪ್ಪಿದರೆ ಗೆಲುವು ಸೋಲಾಗುವ ಇಂಥ ಜಾಗಗಳನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಿಡಿ. ನಿಮ್ಮ ಆಟಗಳಲ್ಲಿ ಇವೇ ಮತ್ತೆ ಬರುತ್ತವೆ.

12ರಲ್ಲಿ ಮಾರ್ಫಿ ರಾಣಿ ಬದಿಗೆ ಕ್ಯಾಸ್ಲಿಂಗ್ ಮಾಡಿದ. ಬಿಡುವಿನ ನಡೆಯಂತೆ ಕಾಣುತ್ತದೆ, ಆದರೆ ದಾಳಿಯ ಹೃದಯ ಇದೇ. ಕಪ್ಪಿನ ಡಿ7 ಕುದುರೆ ರಾಜನಿಗೆ ಕಟ್ಟಿಬಿದ್ದಿದೆ, ಎಫ್6 ಕುದುರೆ ರಾಣಿಗೆ ಕಟ್ಟಿಬಿದ್ದಿದೆ. ಕಟ್ಟಿಬಿದ್ದ ಕಾಯಿಯ ಮೇಲೆ ಇನ್ನೊಂದು ಕಾಯಿಯನ್ನು ಹೇರುವುದು ಹಳೆಯ ಪಾಠ. ರಾಣಿ ಬದಿಯ ಕ್ಯಾಸ್ಲಿಂಗ್‌ನಿಂದ ಆನೆ ಒಂದೇ ಹೆಜ್ಜೆಗೆ ಡಿ ಸಾಲಿಗೆ ಬಂತು. ಇನ್ನೊಂದು ಬದಿಗೆ ಮಾಡಿದ್ದರೆ ಆನೆ ಎಫ್1ರಲ್ಲಿ ಇಳಿದು, ಅಲ್ಲಿಂದ ಡಿ1ಕ್ಕೆ ಬರಲು ಮತ್ತೊಂದು ನಡೆ ಬೇಕಾಗುತ್ತಿತ್ತು.

ಈಗ ಆ ಹುಡುಗಿಯ ಪ್ರಶ್ನೆ. ಕಪ್ಪು ರಾಜ ಇ8ರಲ್ಲಿದ್ದಾನೆ, ಅವನಿಗೆ ಚೆಕ್ ಇಲ್ಲ. ಡಿ8, ಸಿ8, ಬಿ8 ಮೂರೂ ಖಾಲಿ, ರಾಜ ದಾಟುವ ಮನೆಗಳ ಮೇಲೆ ಯಾರ ಏಟೂ ಇಲ್ಲ. ಕ್ಯಾಸ್ಲಿಂಗ್ ನಿಯಮದ ಪ್ರಕಾರ ಪೂರ್ತಿ ಸರಿ. ಮಾಡಿ ನೋಡಿ. ರಾಜ ಸಿ8ರಲ್ಲಿ, ಆನೆ ಡಿ8ರಲ್ಲಿ. ಬಿಳಿ: ಒಂಟೆ ಎ6 ಚೆಕ್. ಒಂಟೆ ದಾರಿಯಿಂದ ಸರಿದದ್ದರಿಂದ ಬಿ ಸಾಲು ರಾಣಿಗೆ ಪೂರ್ತಿ ತೆರೆದಿದೆ, ರಾಜ ಬಿ8ಕ್ಕೆ ಹೋಗುವಂತಿಲ್ಲ. ಉಳಿದದ್ದು ಸಿ7 ಮಾತ್ರ. ಆಗ ರಾಣಿ ಬಿ7, ಮೇಟ್! ರಾಣಿಯನ್ನು ಎ6ರ ಒಂಟೆ ಕಾಯುತ್ತಿದೆ, ಡಿ6ಕ್ಕೆ ಓಡೋಣವೆಂದರೆ ಡಿ1ರ ಆನೆಯ ಕಣ್ಣು ಅಲ್ಲಿದೆ. ಕ್ಯಾಸ್ಲಿಂಗ್ ಮಾಡಿದ ಮೇಲೆ ಎರಡೇ ನಡೆಗೆ ಮುಕ್ತಾಯ.

ಈ ಮೇಟು ಆಟದಲ್ಲಿ ನಡೆಯಲೇ ಇಲ್ಲ, ಅದಕ್ಕೇ ಬಾಯಿಪಾಠದವರಿಗೆ ಕಾಣುವುದಿಲ್ಲ. ದೊಡ್ಡ ಆಟಗಳಲ್ಲಿ ಸೌಂದರ್ಯದ ಬಹುಪಾಲು ಹೀಗೆ ಆಡದೆ ಉಳಿದ ನಡೆಗಳಲ್ಲೇ ಇರುತ್ತದೆ. ಅದನ್ನು ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಸಂಜೆ ಅವಳಿಗೆ ಬೋರ್ಡಿನ ಮೇಲೆ ತೋರಿಸಿದಾಗ ಏನೂ ಹೇಳಲಿಲ್ಲ, ಕಾಯಿಗಳನ್ನು ಹಿಂದಕ್ಕಿಟ್ಟು ತಾನೇ ಮೂರು ಸಲ ಆಡಿದಳು.

ಕಪ್ಪು ಆನೆ ಡಿ8ಕ್ಕೆ ಬಂದು ಕುದುರೆಗೆ ಕಾವಲು ನಿಂತಿತು. ಬಿಳಿ ಈಗ ಸಾವಕಾಶವಾಗಿ ಆನೆಯನ್ನು ಡಿ2ಕ್ಕೆ ಸರಿಸಿ, ಇನ್ನೊಂದು ಆನೆಯನ್ನು ಅದರ ಹಿಂದೆ ತರಬಹುದಿತ್ತಲ್ಲ ಎನಿಸಬಹುದು. ಆದರೆ ಆ ಒಂದು ನಡೆಯ ಬಿಡುವಿನಲ್ಲಿ ಕಪ್ಪು ರಾಣಿ ಇ6ಕ್ಕೋ ಬಿ4ಕ್ಕೋ ಜಿಗಿದು ಕುದುರೆಯ ಕಟ್ಟು ಬಿಚ್ಚಿಕೊಳ್ಳುತ್ತಾಳೆ. ಆದ್ದರಿಂದ 13. ಆನೆ×ಡಿ7. ತಿರುಗಿ ಹೊಡೆಯಲು ಯಾರಿದ್ದಾರೆ? ಎಫ್6ರ ಕುದುರೆ ಹೊಡೆದರೆ ಜಿ5ರ ಒಂಟೆ ಇ7ರ ರಾಣಿಯನ್ನು ತಿನ್ನುತ್ತದೆ. ರಾಣಿ ಹೊಡೆದರೆ ಬಿ5ರ ಒಂಟೆ ಅವಳನ್ನು ತಿನ್ನುತ್ತದೆ. ಆನೆಯೇ ಹೊಡೆಯಬೇಕು, ಹೊಡೆದ ಕೂಡಲೇ ಅದೂ ರಾಜನಿಗೆ ಕಟ್ಟಿಬಿದ್ದಿತು. 14. ಆನೆ ಡಿ1. ಒಂದು ಆನೆ ಹೋಯಿತು, ಅದೇ ಸಾಲಿನಲ್ಲಿ ಇನ್ನೊಂದು ಬಂದು ನಿಂತಿತು. ದಾಳಿಯ ಬಲದಲ್ಲಿ ಒಂದು ಗುಲಗಂಜಿಯೂ ಕಡಿಮೆಯಾಗಲಿಲ್ಲ. ಕಪ್ಪಿನ ಇನ್ನೊಂದು ಆನೆ ಮಾತ್ರ ಎಚ್8ರಲ್ಲಿ ಇನ್ನೂ ಮಲಗಿದೆ. ಇಲ್ಲಿ ಕಾಯಿಗಳ ಬೆಲೆ ಕೂಡಿದರೆ ಬಿಳಿಗೆ 27, ಕಪ್ಪಿಗೆ 30. ಕೆಲಸ ಮಾಡುತ್ತಿರುವ ಕಾಯಿಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು ಮತ್ತೊಮ್ಮೆ ಕೂಡಿ. ಎಚ್8ರ ಆನೆಯನ್ನೂ ಎಫ್8ರ ಒಂಟೆಯನ್ನೂ ಬಿಟ್ಟರೆ ಕಪ್ಪಿಗೆ ಉಳಿಯುವುದು 22.

14ರಲ್ಲಿ ಕಪ್ಪು ಆಡಿದ ರಾಣಿ ಇ6ಕ್ಕೆ ಎರಡು ಉದ್ದೇಶ: ಎಫ್6ರ ಕುದುರೆಗೆ ಬಿಡುಗಡೆ, ಬಿ3ರ ರಾಣಿಯೊಂದಿಗೆ ಬದಲಾವಣೆಯ ಆಹ್ವಾನ. ಅದರ ಬದಲು ರಾಣಿ ಬಿ4 ಎಂದು ಆಡಿ ನೋಡಿ, ಇದೂ ಅದೇ ಉದ್ದೇಶದ್ದು. ಆಗ ಬಿಳಿ 15. ಒಂಟೆ×ಎಫ್6! ಕಪ್ಪು ಆಸೆಗೆ ಬಿದ್ದು ರಾಣಿ×ಬಿ3 ಎಂದರೆ 16. ಒಂಟೆ×ಡಿ7 ಮೇಟ್. ಎಫ್6ರ ಒಂಟೆ ಡಿ8, ಇ7 ಎರಡನ್ನೂ ಮುಚ್ಚಿದೆ, ಡಿ7ರ ಒಂಟೆಗೆ ಹಿಂದಿನಿಂದ ಆನೆಯ ಬೆಂಬಲವಿದೆ. ರಾಣಿಯನ್ನು ಬಿಟ್ಟು ಎಫ್6ರ ಒಂಟೆಯನ್ನು ಕಾಲಾಳಿನಿಂದ ಹೊಡೆದರೆ ಡಿ7ರ ಆನೆ ಹೋಗುತ್ತದೆ.

ಮುಂದಿನ ಮೂರು ನಡೆಗಳಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಇಷ್ಟೆಲ್ಲ ನೋಡಿದ ಮೇಲೆ ಅವು ಹೆಚ್ಚು ವಿವರಣೆ ಬೇಡುವುದಿಲ್ಲ. 15. ಒಂಟೆ×ಡಿ7 ಚೆಕ್ ಆದಾಗ ರಾಜ ಡಿ8ಕ್ಕೆ ಓಡಿದರೆ 16. ರಾಣಿ ಬಿ8 ಚೆಕ್, ರಾಜ ಇ7, 17. ರಾಣಿ ಇ8 ಮೇಟ್. ಎಫ್6ರ ಕುದುರೆಗೆ ಇ8ರ ರಾಣಿ ಸಿಗಬೇಕಲ್ಲ ಎಂದು ಕೇಳುವಿರಿ. ರಾಜ ಇ7ಕ್ಕೆ ಬಂದದ್ದರಿಂದ ಅದು ಮತ್ತೆ ಜಿ5ರ ಒಂಟೆಗೆ ಕಟ್ಟಿಬಿದ್ದಿದೆ. 15ರಲ್ಲಿ ರಾಣಿ×ಡಿ7 ಆಡಿದ್ದರೆ ಮೇಟ್ ತಡವಾಗುತ್ತಿತ್ತು, ಆದರೆ ಬಿ8, ಇ5, ಎಫ್6ರಲ್ಲಿ ಸಾಲು ಚೆಕ್‌ಗಳು ಬಿದ್ದು ಕಡೆಗೆ ಎಚ್8ರ ಆನೆಯೂ ಹೋಗುತ್ತಿತ್ತು. ಕಪ್ಪು ಕುದುರೆಯಿಂದ ಹೊಡೆಯಿತು. ಆಗ ರಾಣಿ ಬಿ8ಕ್ಕೆ! ಆ ಕುದುರೆಯೇ ಅವಳನ್ನು ಹೊಡೆಯಬೇಕು, ಬೇರೆ ದಾರಿಯಿಲ್ಲ. ಹೊಡೆಯಲು ಅದು ಡಿ7 ಬಿಟ್ಟು ಸರಿದಾಗ ಡಿ ಸಾಲು ಪೂರ್ತಿ ತೆರೆಯಿತು. ಆನೆ ಡಿ8, ಮೇಟ್. ರಾಣಿಯ ಬಲಿ ಅಷ್ಟಕ್ಕೇ: ಒಂದು ಕುದುರೆಯನ್ನು ದಾರಿಯಿಂದ ಕರೆದೊಯ್ಯಲು.

ಇಷ್ಟಾದ ಮೇಲೆ ಕಂಪ್ಯೂಟರ್ ತೆರೆಯಿರಿ, ಅದಕ್ಕಿಂತ ಮುಂಚೆ ಬೇಡ. ಲಿಚೆಸ್ ತಾಣದಲ್ಲಿ ದುಡ್ಡು ಕೊಡದೆ ಆಟವನ್ನು ಹಾಕಿ ಸ್ಟಾಕ್‌ಫಿಶ್ ಎಂಜಿನ್‌ನಿಂದ ಪರಿಶೀಲಿಸಬಹುದು. ಆದರೆ ಎಂಜಿನ್ ಆನ್ ಮಾಡಿ ಮೊದಲ ನಡೆಯಿಂದ ಅಂಕಿಗಳನ್ನು ನೋಡುತ್ತ ಹೋದರೆ ಕಲಿಕೆ ಅಲ್ಲಿಗೆ ನಿಲ್ಲುತ್ತದೆ. ಇದನ್ನು ಮಕ್ಕಳಲ್ಲಿ ಎಷ್ಟೋ ಸಲ ಕಂಡಿದ್ದೇನೆ, ಅಂಕಿ ಕಂಡ ಕೂಡಲೇ ಕಣ್ಣು ಬೋರ್ಡು ಬಿಡುತ್ತದೆ. ನೋಟ್‌ಬುಕ್ಕಿನಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಮಾತ್ರ ಅದಕ್ಕೆ ಕೇಳಿ: 8ರಲ್ಲಿ ಬಿ7 ಹೊಡೆಯುವುದೇ ಮೇಲೋ? 9ರಲ್ಲಿ ರಾಣಿ ಸಿ7 ಆದ ಮೇಲೆ ಬಿಳಿ ಹೇಗೆ ಮುಂದುವರಿಯಬೇಕು? 11ರಲ್ಲಿ ಕುದುರೆಯ ಬದಲು ರಾಜನನ್ನೇ ಡಿ8ಕ್ಕೆ ಸರಿಸಿದ್ದರೆ? ಎಂಜಿನ್ ಹೇಳಿದ ನಡೆ ನಿಮ್ಮದಕ್ಕಿಂತ ಬೇರೆಯಾದರೆ, ಯಾಕೆ ಎಂದು ತಿಳಿಯುವವರೆಗೆ ಅದರೊಂದಿಗೆ ಆಡಿ. ಕಾರಣವನ್ನು ಕನ್ನಡದ ಒಂದು ವಾಕ್ಯದಲ್ಲಿ ಬರೆಯಲು ಬಂದರೆ ಅರ್ಥವಾಗಿದೆ ಎಂದು ತಿಳಿಯಿರಿ.

ಮನೆಯಲ್ಲಿ ಇನ್ನೊಬ್ಬರು ಆಡುವವರಿದ್ದರೆ ಇನ್ನೂ ಒಳ್ಳೆಯದು. 9ನೇ ನಡೆಯ ಒಂಟೆ ಜಿ5ರವರೆಗೆ ಕಾಯಿ ಜೋಡಿಸಿ, ಕಪ್ಪು ಬಿ5 ಆಡಬಾರದು ಎಂಬ ಒಂದೇ ಷರತ್ತು ಹಾಕಿ, ಮುಂದಿನ ಆಟವನ್ನು ನೀವೇ ಆಡಿ. ಒಮ್ಮೆ ಬಿಳಿ, ಒಮ್ಮೆ ಕಪ್ಪು. ಮಾರ್ಫಿಯ ಸುಲಭ ಎಷ್ಟು ಕಷ್ಟದ್ದು ಎಂದು ಬಿಳಿ ಹಿಡಿದಾಗ ತಿಳಿಯುತ್ತದೆ.

ಇದು ಕೈಗೂಡಿದ ಮೇಲೆ ಮುಂದಿನ ಆಟಕ್ಕೆ ನನ್ನ ಸಲಹೆ 1852ರಲ್ಲಿ ಬರ್ಲಿನ್‌ನಲ್ಲಿ ಅಡಾಲ್ಫ್ ಆಂಡರ್ಸನ್, ಜಾನ್ ಡುಫ್ರೆನ್ ಎದುರು ಗೆದ್ದದ್ದು. ನಿತ್ಯಹರಿದ್ವರ್ಣದ ಆಟ ಎಂದು ಅದಕ್ಕೆ ಹೆಸರು. 24 ನಡೆಗಳಲ್ಲಿ ಮುಗಿಯುತ್ತದೆ, ಅದರಲ್ಲೂ ರಾಣಿಯ ಬಲಿ ಇದೆ. ಆದರೆ ಒಪೆರಾ ಆಟದಂತೆ ಅಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿರಲಿಲ್ಲ. 19ರಲ್ಲಿ ಆಂಡರ್ಸನ್ ಎ1ರ ಆನೆಯನ್ನು ಸದ್ದಿಲ್ಲದೆ ಡಿ1ಕ್ಕೆ ಸರಿಸುತ್ತಾನೆ. ಆ ನಡೆ ಸರಿಯೇ, ಅದಕ್ಕೆ ಉತ್ತರವಿತ್ತೇ ಎಂದು ವಿಶ್ಲೇಷಕರು ತಲೆಮಾರುಗಳ ಕಾಲ ವಾದಿಸಿದ್ದಾರೆ. ಡುಫ್ರೆನ್ ಆ ಹೊತ್ತಿಗೆ ರಾಣಿಯಿಂದ ಎಫ್3ರ ಕುದುರೆ ಹೊಡೆದು ಸೋತ. ಅಲ್ಲಿಗೆ ನಿಲ್ಲಿಸಿ, ಬೋರ್ಡು ತಿರುಗಿಸಿ, ಕಪ್ಪು ಆನೆ ಜಿ8ರಲ್ಲಿದೆ ಎಂಬುದನ್ನು ಗಮನಿಸಿ.